ಕಾಯ್ದೆಯ ಗುರಿಯನ್ನು ಅರಿತಿದ್ದ ನರಗುಂದದ ದೊರೆ

ಪುರ್ತಗೇರಿ, ಗಜೇಂದ್ರಗಡ, ರೋಣ ಸೀಮೆಯ ಜನರಿಗೆ ನರಗುಂದದ ಬಾಬಾಸಾಹೇಬರ ಹೆಸರು ಹೊಸದಲ್ಲ. ಆದರೆ ಅವರ ಕೊನೆಯ ದಿನಗಳ ಸಾಹಸಕ್ಕೆ ದೊರೆತ ಪ್ರಚಾರ, ಅದಕ್ಕೆ ಹಿಂದಿನ ಹದಿನಾರು ವರ್ಷಗಳಿಗೆ ದೊರೆತಿಲ್ಲ.

ಭಾಸ್ಕರರಾವ್ ಭಾವೆ ಎಂಬುದು ಅವರ ನಿಜನಾಮ. 1842ರಲ್ಲಿ ಸಂಸ್ಥಾನದ ಅಧಿಕಾರ ವಹಿಸಿಕೊಂಡ ಅವರು ವಿದ್ಯಾಪ್ರಿಯರು. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರವೊಂದು ಅರಮನೆಯಲ್ಲಿತ್ತು. ಕಲಹಪ್ರಿಯ ಪಾಳೆಯಗಾರನ ಲಕ್ಷಣಗಳಲ್ಲ ಇವು.

ಗಂಡು ಸಂತಾನವಿಲ್ಲದ ಬಾಬಾಸಾಹೇಬರು ದತ್ತು ಸ್ವೀಕಾರಕ್ಕೆ ಅನುಮತಿ ಕೇಳಿದರು. ಕಂಪನಿ ಸರ್ಕಾರ ನಿರಾಕರಿಸಿತು. ಹಿಂದೂ ಧರ್ಮಶಾಸ್ತ್ರ ಒಪ್ಪಿದ ಹಕ್ಕೊಂದು ಡಾಲ್‌ಹೌಸಿಯ ನೀತಿಯಿಂದಾಗಿ ಸಂಸ್ಥಾನಿಕರಿಗೆ ಇಲ್ಲವಾಗಿತ್ತು. 1848ರಲ್ಲಿ ಸತಾರಾ ಹೀಗೆಯೇ ಕಂಪನಿಯ ವಶವಾಗಿತ್ತು. 1852ರ ಕಾಯ್ದೆಯಡಿ ಇನಾಂ ಆಯೋಗವೂ ಬಂದು, ತಲೆಮಾರುಗಳಿಂದ ಉಣ್ಣುತ್ತಿದ್ದ ಜಮೀನುಗಳಿಗೆ ದಾಖಲೆ ಕೇಳತೊಡಗಿತು. ತೋರಿಸಲಾಗದವರು ಜಮೀನು ಕಳೆದುಕೊಂಡರು. ಆ ಆಯೋಗದಲ್ಲಿ ದುಡಿದು ಜನರ ದ್ವೇಷ ಕಟ್ಟಿಕೊಂಡ ಅಧಿಕಾರಿಗಳಲ್ಲಿ ಚಾರ್ಲ್ಸ್ ಮ್ಯಾನ್ಸನ್ ಒಬ್ಬ. ಮುಂದೆ ಅವನೇ ಈ ಭಾಗದ ಪೊಲಿಟಿಕಲ್ ಏಜೆಂಟನಾಗಿ ಬಂದ.

1857ರಲ್ಲಿ ಶಸ್ತ್ರಾಸ್ತ್ರಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಶಾಂತಿಪಾಲನೆ ಅದರ ಘೋಷಿತ ಉದ್ದೇಶ. ಆಯುಧಗಳು ಕಡಿಮೆಯಾದರೆ ಕೊಲೆ, ದರೋಡೆ ಕಡಿಮೆಯಾಗುತ್ತವೆ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಒಪ್ಪಿಸುವವರು ಯಾರು, ಇಟ್ಟುಕೊಳ್ಳುವವರು ಯಾರು? ಬೇಟೆಯೇ ಬದುಕಾಗಿದ್ದ ಹಲಗಲಿಯ ಬೇಡರು ಅದೇ ನವೆಂಬರಿನಲ್ಲಿ ಪ್ರತಿಭಟಿಸಿದರು. ಊರು ಸುಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ವಾರಸುದಾರನೂ ಇಲ್ಲ, ಇನ್ನು ಕೋಟೆಯ ತೋಪುಗಳೂ ಇಲ್ಲವೆಂದರೆ ತಮ್ಮ ಸಂಸ್ಥಾನದ ಗತಿಯೇನೆಂದು ಬಾಬಾಸಾಹೇಬರು ಲೆಕ್ಕ ಹಾಕಿದ್ದರೆ ಅದು ಭ್ರಮೆಯಲ್ಲ.

1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾವ್ ಬಂಡೆದ್ದರು, ನರಗುಂದವೂ ಸಿಡಿಯಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಹತನಾದ. ಅವನ ರುಂಡವನ್ನು ನರಗುಂದಕ್ಕೆ ತಂದು ತೂಗುಹಾಕಲಾಯಿತು. ಗ್ರಂಥಪ್ರಿಯ ದೊರೆಯ ಚರಿತ್ರೆಯಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ. ಮಲಪ್ರಭೆಯ ಸೀಮೆಯಲ್ಲಿ ಇತರ ಸಂಸ್ಥಾನಿಕರು ಕದಲಲಿಲ್ಲ. ಭಾವೆ ಮನೆತನದ್ದೇ ಆದ ರಾಮದುರ್ಗವೂ ಕಂಪನಿಯ ಪಕ್ಷದಲ್ಲಿಯೇ ಉಳಿಯಿತು. ಅವರ ಲೆಕ್ಕಾಚಾರ ಬೇರೆಯಿತ್ತು, ಫಲವೂ ಬೇರೆಯಾಯಿತು: ರಾಮದುರ್ಗ ಸಂಸ್ಥಾನ 1948ರವರೆಗೆ ಬಾಳಿತು.

ಜೂನ್ ಆರಂಭದಲ್ಲಿಯೇ ನರಗುಂದದ ಕೋಟೆ ಬಿದ್ದಿತು. ತೊರಗಲ್ಲಿನ ಕಾಡಿನಲ್ಲಿ ಸೆರೆಸಿಕ್ಕ ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ತಾಯಿ ಮತ್ತು ಪತ್ನಿ ಮಲಪ್ರಭೆಗೆ ಹಾರಿದರು. ಗ್ರಂಥಭಂಡಾರ ನಾಶವಾಯಿತು.

ಐದು ತಿಂಗಳು ತುಂಬುವ ಮೊದಲೇ ರಾಣಿಯ ಘೋಷಣೆ ಹೊರಬಿದ್ದು, ಸಂಸ್ಥಾನಗಳನ್ನು ನುಂಗುವ ನೀತಿಯನ್ನು ಕೈಬಿಡಲಾಯಿತು. 1862ರಲ್ಲಿ ಕ್ಯಾನಿಂಗ್ ದತ್ತಕದ ಸನದುಗಳನ್ನು ಹಂಚಿದ. ಆಯುಧದ ಕಾಯ್ದೆ ಮಾತ್ರ ಸಡಿಲಾಗಲಿಲ್ಲ. 1878ರಲ್ಲಿ ಇನ್ನಷ್ಟು ಬಿಗಿಯಾಗಿ, ಯುರೋಪಿಯನ್ನರಿಗೆ ವಿನಾಯಿತಿಯೊಂದಿಗೆ ಮರಳಿತು. ಸ್ವತಂತ್ರ ಭಾರತ ಅದನ್ನು ಬದಲಿಸಿದ್ದು 1959ರಲ್ಲಿ. ಬಾಬಾಸಾಹೇಬರು ಬೇಡಿದ್ದ ದತ್ತಕದ ಹಕ್ಕು ಇತರ ಸಂಸ್ಥಾನಿಕರ ಕೈ ಸೇರುವ ಹೊತ್ತಿಗೆ ನರಗುಂದ ಧಾರವಾಡ ಜಿಲ್ಲೆಯೊಳಗೆ ಕರಗಿತ್ತು.