ಯಲ್ಲಾಪ್ರಗಡ ಸುಬ್ಬರಾವ್: ಎಟಿಪಿಯಿಂದ ಕ್ಷಯದ ಮದ್ದಿನವರೆಗೆ

ಜೀವಕೋಶಕ್ಕೆ ಶಕ್ತಿ ಒದಗಿಸುವ ವಸ್ತು ಎಟಿಪಿ ಎಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ನೆರೆಯ ತೆಲುಗು ನಾಡಿನವರೆಂಬುದನ್ನು ಮಾತ್ರ ಹೇಳಲು ಮರೆಯುತ್ತೇವೆ.

ಯಲ್ಲಾಪ್ರಗಡ ಸುಬ್ಬರಾವ್ 1895ರ ಜನವರಿ 12ರಂದು ಭೀಮಾವರಂನಲ್ಲಿ ಜನಿಸಿದರು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪಡೆದು ತೃಪ್ತರಾಗಬೇಕಾಯಿತು. ಕೆಲಕಾಲ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಬೋಧಿಸಿ, 1920ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಸೇರಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಕೆಲಸವನ್ನೂ ಮಾಡಿದರು.

1925ರಲ್ಲಿ ಸೈರಸ್ ಫಿಸ್ಕೆ ಅವರೊಡನೆ ರಕ್ತ, ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿದರು. ಅದೇ ಹಾದಿಯಲ್ಲಿ ಮುಂದುವರಿದು 1929ರಲ್ಲಿ ಸ್ನಾಯುವಿನಲ್ಲಿ ಎಟಿಪಿಯನ್ನು ಗುರುತಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸ್ವತಂತ್ರವಾಗಿ ಅದನ್ನು ಕಂಡಿದ್ದರು. ಹಾರ್ವರ್ಡಿನಲ್ಲಿ ತಕ್ಕ ಸ್ಥಾನ ದೊರೆಯದೆ 1940ರಲ್ಲಿ ಲೆಡರ್ಲೆ ಔಷಧ ಪ್ರಯೋಗಾಲಯವನ್ನು ಸೇರಿದರು. ಫೋಲಿಕ್ ಆಮ್ಲದ ಕೃತಕ ತಯಾರಿಕೆ ಹಾಗೂ ಆನೆಕಾಲು ರೋಗದ ಮದ್ದಾದ ಹೆಟ್ರಜಾನ್ ಅವರ ಮಾರ್ಗದರ್ಶನದಲ್ಲಿ ಸಾಧ್ಯವಾದವು. ಟೆಟ್ರಾಸೈಕ್ಲಿನ್ ಬಳಗದ ಮೊದಲ ಪ್ರತಿಜೀವಕವಾದ ಆರಿಯೋಮೈಸಿನ್ನನ್ನು ಬೆಂಜಮಿನ್ ಡಗ್ಗರ್ ಕಂಡುಹಿಡಿದದ್ದೂ ಅಲ್ಲಿಯೇ. 1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು. ಅಮೆರಿಕದ ಪೌರತ್ವ ಅವರಿಗಿರಲಿಲ್ಲ. ನೊಬೆಲ್ ಗೌರವವೂ ಸಲ್ಲಲಿಲ್ಲ.

ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1998ರಲ್ಲಿ ಕ್ಷಯಾಣುವಿನ ಜೀನೋಮ್, ಸುಮಾರು 4,000 ಜೀನ್‌ಗಳ ಸಮೇತ, ಪೂರ್ಣವಾಗಿ ಓದಲ್ಪಟ್ಟಿತು. ಆಮೇಲೆ ಬೆಡಾಕ್ವಿಲಿನ್ ಎಂಬ ಹೊಸ ಮದ್ದು ಕ್ಷಯಾಣುವಿನ ಯಾವ ಮರ್ಮಕ್ಕೆ ತಾಗುತ್ತದೆಂದು ಹುಡುಕಲು, ವಿಜ್ಞಾನಿಗಳು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳ ಜೀನೋಮ್‌ಗಳನ್ನು ಮೂಲ ತಳಿಯ ಜೀನೋಮ್‌ನೊಡನೆ ಹೋಲಿಸಿದರು. ಅವೆಲ್ಲದರಲ್ಲಿ ಬದಲಾಗಿದ್ದುದು ಒಂದೇ ಜೀನ್: ಎಟಿಪಿಯನ್ನು ತಯಾರಿಸುವ ಕಿಣ್ವದ ಒಂದು ಭಾಗಕ್ಕೆ ಸೇರಿದ್ದು. ಮದ್ದಿನ ಗುರಿ ಹಾಗೆ ಬಯಲಾಯಿತು. ಮಾನವ ಕೋಶಗಳ ಇಂಥ ಕಿಣ್ವ ತುಸು ಭಿನ್ನವಾದ್ದರಿಂದ ಮದ್ದು ಅದನ್ನು ಬಹುಮಟ್ಟಿಗೆ ಬಿಟ್ಟು ರೋಗಾಣುವನ್ನೇ ಹೊಡೆಯುತ್ತದೆ. ಈ ಫಲಿತಾಂಶ ಪ್ರಕಟವಾದದ್ದು 2005ರಲ್ಲಿ, ಎಟಿಪಿ ಕಂಡ 76 ವರ್ಷಗಳ ಬಳಿಕ. ಹಳೆಯ ಮದ್ದುಗಳಿಗೆ ಬಗ್ಗದ ಕ್ಷಯಕ್ಕೆ ಇಂದು ನಮ್ಮ ದೇಶದಲ್ಲೂ ಬೆಡಾಕ್ವಿಲಿನ್ ನೀಡಲಾಗುತ್ತಿದೆ.

ಸ್ನಾಯುವಿನ ರಂಜಕವನ್ನು ಅಳೆಯುತ್ತಿದ್ದ ಆ ಮನುಷ್ಯನಿಗೆ ಕ್ಷಯದ ಮದ್ದಿನ ಯೋಚನೆ ಇರಲಿಲ್ಲ. ಜೀನೋಮ್ ಗುರಿಯತ್ತ ಬೆರಳು ತೋರಿತು. ಆದರೆ ಆ ಗುರಿ ಏಕೆ ಮರ್ಮವೆಂಬುದು ತಿಳಿದದ್ದು ಸುಬ್ಬರಾವ್ ಅವರಂಥವರ ಹಿಂದಿನ ದುಡಿಮೆಯಿಂದ. ಮುಂದಿನ ಬಾರಿ ಎಟಿಪಿಯ ಪಾಠ ಮಾಡುವಾಗ ಆ ಹೆಸರನ್ನೂ ಹಲಗೆಯ ಮೇಲೆ ಬರೆಯೋಣ.