ಕೆನೆತ್ ಆಂಡರ್ಸನ್ನರೂ ಅವರ ಕೋವಿಯೂ

(ಅಂತಿಮ ಬಿ.ಎ. ವಿದ್ಯಾರ್ಥಿ, ಜನ್ನಾಪುರ)

ಕಳೆದ ಶ್ರಾವಣದಲ್ಲಿ ನಮ್ಮ ಅಜ್ಜ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯೆಂದರೆ ಉಂಬ್ಳೆಬೈಲಿನ ಕಡೆಯ ಕಾಡಂಚಿನಲ್ಲಿ ಒಂದೂವರೆ ಎಕರೆ ಗದ್ದೆ, ಒಂದು ಜೊತೆ ಎತ್ತು, ಮತ್ತು ಹನ್ನೆರಡು ಬೋರಿನ ಒಂದು ಒಂಟಿನಳಿಗೆ ಕೋವಿ. ಗದ್ದೆಯನ್ನೂ ಎತ್ತುಗಳನ್ನೂ ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ಕೋವಿಯ ಮಾತು ಬಂದಾಗ ಮಾತ್ರ ಮನೆಯವರೆಲ್ಲರ ಕಣ್ಣು ನನ್ನ ಮೇಲೆ ಬಿತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಸರ್ಕಾರದ ಕಾಗದವೆಂದರೆ ಅದು ನನ್ನ ಪಾಲಿಗೆ ಬರತಕ್ಕದ್ದು. ಪರವಾನಗಿ ಹೊಂದಿದವರು ತೀರಿಕೊಂಡ ಮೇಲೆ ಕೋವಿಯನ್ನು ಒಪ್ಪಿಸಿಬಿಡಬೇಕು. ವಾರಸುದಾರರಿಗೆ ಬೇಕಿದ್ದರೆ ತಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು. ಹಾಕುವುದೋ ಬಿಡುವುದೋ ಎಂಬುದನ್ನು ಓದಿದವನಾದ ನಾನೇ ಹೇಳಬೇಕೆಂದು ಅಪ್ಪನ ತೀರ್ಮಾನವಾಯಿತು.

ಕೋವಿಯ ವಿಷಯದಲ್ಲಿ ನನಗಿದ್ದ ತಿಳಿವಳಿಕೆ ಅತ್ಯಲ್ಪ. ಕಾಲೇಜಿನ ಪುಸ್ತಕ ಭಂಡಾರದಲ್ಲಿ ಹುಡುಕುತ್ತಿದ್ದಾಗ ನಮ್ಮ ಜಿಲ್ಲೆಯವರೇ ಆದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳು ಕೈಗೆ ಸಿಕ್ಕವು. ಹೈಸ್ಕೂಲಿನಲ್ಲಿ ಅವನ್ನು ಹುಲಿಯ ಕಥೆಗಳೆಂದು ಓದಿದ್ದೆ. ಈ ಸಲ ಹುಲಿಯನ್ನು ಬಿಟ್ಟು, ಹುಲಿಯ ಎದುರಿಗೆ ಕೂತಿದ್ದ ಮನುಷ್ಯನನ್ನು ನೋಡಲು ಹೊರಟೆ. ಆ ಮನುಷ್ಯರೇ ಕೆನೆತ್ ಆಂಡರ್ಸನ್ನರು.

ಆಂಡರ್ಸನ್ನರು ಹುಟ್ಟಿದ್ದು 1910ನೆಯ ಇಸವಿ ಮಾರ್ಚ್ 8ರಂದು, ಸಿಕಂದರಾಬಾದಿನ ಬಳಿಯ ಬೊಲಾರಂ ಎಂಬಲ್ಲಿ. ಅವರದು ಸ್ಕಾಟ್ಲೆಂಡಿನ ಮೂಲದ ಕುಟುಂಬ. ಆದರೆ ಅಷ್ಟು ಹೊತ್ತಿಗೆ ಹಲವು ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆನಿಂತಿತ್ತು. ತಂದೆಯವರು ಸೈನ್ಯದ ಲೆಕ್ಕಪತ್ರದ ಇಲಾಖೆಯಲ್ಲಿದ್ದರು; ಬೇಟೆಯ ಗೀಳನ್ನು ಮಗನಿಗೆ ಹಚ್ಚಿದವರೂ ಅವರೇ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ತರುವಾಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ವಿದ್ಯಾಭ್ಯಾಸ. ನ್ಯಾಯಶಾಸ್ತ್ರ ಓದಲೆಂದು ಎಡಿನ್‌ಬರೋ ನಗರಕ್ಕೆ ಕಳುಹಿಸಿದರೆ, ಅದನ್ನು ಅರ್ಧಕ್ಕೇ ಬಿಟ್ಟು ಈ ಕಡೆಗೇ ಹಿಂದಿರುಗಿದರು. ಮನೆಯವರಿಗೆ ಎಷ್ಟು ಬೇಸರವಾಯಿತೋ! ನಾನೇನಾದರೂ ಈ ವರ್ಷ ಪರೀಕ್ಷೆಗೆ ಕೂರದೆ ಕಾಡಿಗೆ ಹೊರಟರೆ ಅಪ್ಪ ಏನು ಮಾಡುವರೆಂಬುದನ್ನು ನಾನು ಇಲ್ಲಿ ಬರೆಯಲಾರೆ.

ಅವರೇನೂ ರಾಜಮಹಾರಾಜರಲ್ಲ. ಆನೆಯ ಮೇಲೆ ಅಂಬಾರಿ ಕಟ್ಟಿ, ನೂರಾರು ಜನರಿಂದ ಕಾಡನ್ನು ಸೋಹಿಸಿ ಹುಲಿ ಹೊಡೆಯುವ ದೊರೆಗಳ ಬೇಟೆ ಅವರದಲ್ಲ. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಹದಿನೈದು ವರ್ಷಗಳಷ್ಟು ಕಾಲ ನೌಕರಿ ಮಾಡಿ, ಅನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸೇರಿದರು. ಅಲ್ಲಿ ಯೋಜನಾ ವಿಭಾಗದ ಮ್ಯಾನೇಜರಾದರು. ಈ ಸಂಗತಿಯನ್ನು ಓದಿದಾಗ ನನಗೆ ಅವರಲ್ಲಿ ಒಂದು ಬಗೆಯ ಸಲಿಗೆ ಹುಟ್ಟಿತು. ನಮ್ಮ ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಊರು. ಅಪ್ಪನೂ ಅಲ್ಲಿಯೇ ಗುತ್ತಿಗೆ ಕೆಲಸ ಮಾಡಿದವರು. ಪಾಳಿ ಮುಗಿಸಿ, ರಜೆ ಕೂಡಿಸಿ, ಹಳೆಯ ಕಾರಿನಲ್ಲಿ ಸಾಮಾನು ತುಂಬಿಕೊಂಡು ಕಾಡಿಗೆ ಹೊರಡುವ ಕಾರ್ಖಾನೆಯ ಮನುಷ್ಯನನ್ನು ನಾವು ಚೆನ್ನಾಗಿ ಊಹಿಸಿಕೊಳ್ಳಬಲ್ಲೆವು. ಅವರು ಕನ್ನಡವನ್ನೂ ತಮಿಳನ್ನೂ ಬಲ್ಲವರಾಗಿದ್ದರು. ಬೈರನೆಂಬ ಪೂಜಾರಿ ಜನಾಂಗದ ಕಾಡಿನ ಮನುಷ್ಯನೊಬ್ಬ ಅವರ ಆಪ್ತಮಿತ್ರ. ಕಾಡಿನ ಅಕ್ಷರಾಭ್ಯಾಸವನ್ನು ಅವನಿಂದ ಮಾಡಿಸಿಕೊಂಡೆನೆಂದು ಹೇಳಲು ಅವರಿಗೆ ಸಂಕೋಚವಿರಲಿಲ್ಲ.

ಅವರ ಶಿಕಾರಿಯ ನೆಲ ನಮಗೆ ದೂರದ್ದಲ್ಲ. ಹೊಸದುರ್ಗ, ಹೊಳಲ್ಕೆರೆಗಳ ನರಭಕ್ಷಕ, ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ನರಭಕ್ಷಕ, ದೇವರಾಯನದುರ್ಗದ ಹುಲಿ, ಇವೆಲ್ಲ ಅವರ ಮೊದಲನೆಯ ಪುಸ್ತಕದಲ್ಲಿಯೇ ಇವೆ. 1957ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ನಮ್ಮ ಜಿಲ್ಲೆಯ ಚೋರಡಿಯ ಹುಲಿಯೊಂದಿದೆ. ಅದರ ಕತ್ತಿನಲ್ಲಿ ಸಿಂಹಕ್ಕಿರುವಂತೆ ಉದ್ದನೆಯ ಕೂದಲಿತ್ತಂತೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಕುಂಸಿ ದಾಟಿ ಚೋರಡಿಯ ಸೇತುವೆ ಬಂದಾಗ ನಾನು ಈಗಲೂ ಕಿಟಕಿಯಿಂದ ಇಣುಕುತ್ತೇನೆ. ಕುಮದ್ವತಿಯ ನೀರು ಕಾಣಿಸುತ್ತದೆ, ಹುಲಿ ಕಾಣಿಸುವುದಿಲ್ಲ.

ಸರ್ಕಾರದ ದಾಖಲೆಯ ಪ್ರಕಾರ 1939ರಿಂದ 1966ರವರೆಗೆ ಅವರು ಎಂಟು ನರಭಕ್ಷಕ ಚಿರತೆಗಳನ್ನೂ ಏಳು ನರಭಕ್ಷಕ ಹುಲಿಗಳನ್ನೂ ಕೊಂದರು. ಲೆಕ್ಕ ಅಷ್ಟೇ. ನನ್ನ ಮನಸ್ಸನ್ನು ಹಿಡಿದದ್ದು ಆ ಲೆಕ್ಕವಲ್ಲ, ಹುಲಿಯು ನರಭಕ್ಷಕವಾದದ್ದೇಕೆ ಎಂದು ಅವರು ಪ್ರತಿ ಕಥೆಯಲ್ಲಿಯೂ ಮಾಡುವ ವಿಚಾರಣೆ. ಗುಮ್ಮಳಾಪುರದ ಚಿರತೆ 42 ಜನರನ್ನು ಕೊಂದಿತ್ತು. ಸತ್ತ ಮೇಲೆ ನೋಡಿದರೆ ಅದರ ಪಾದದೊಳಗೆ ಮುಳ್ಳುಹಂದಿಯ ಎರಡು ಮುಳ್ಳುಗಳು ಹೂತುಕೊಂಡಿದ್ದವು. ಅದು ಪ್ರಕೃತಿಯ ಕೆಲಸ, ಯಾರನ್ನೂ ದೂರುವಂತಿಲ್ಲ. ಆದರೆ ಜವಳಗಿರಿಯ ಹೆಣ್ಣುಹುಲಿಯ ಕಥೆ ಬೇರೆ. ಅದರ ಜೊತೆಗಾರ ಗುಂಡಿಗೆ ಬಲಿಯಾಗಿತ್ತು. ಅದು ರಾತ್ರಿಯೆಲ್ಲ ಕೂಗುತ್ತ ತಿರುಗುತ್ತಿದ್ದಾಗ ಒಬ್ಬ ಯುವಕ ಹುರುಪಿನಿಂದ ಹೋಗಿ ಈಡು ಹಾರಿಸಿದ. ಗುಂಡು ಭುಜಕ್ಕೆ ತಗುಲಿತು, ಹುಲಿ ಸಾಯಲಿಲ್ಲ. ಜಿಂಕೆಯ ಹಿಂದೆ ಓಡಲಾರದ ಪ್ರಾಣಿ ಮನುಷ್ಯನ ಹಿಂದೆ ಬಿತ್ತು. ಒಂದು ಕೆಟ್ಟ ಈಡಿನ ಸಾಲವನ್ನು ಯಾವ ಕೋವಿಯನ್ನೂ ಮುಟ್ಟದ ಹಳ್ಳಿಗರು, ದನಕಾಯುವ ಹುಡುಗರು, ಸೌದೆಗೆ ಹೋದ ಹೆಂಗಸರು ತೀರಿಸಬೇಕಾಯಿತು. ಆಂಡರ್ಸನ್ನರ ಪುಸ್ತಕಗಳಲ್ಲಿ ಇಂತಹ ಹುಲಿಗಳು ಇನ್ನೂ ಇವೆ. ಬೆಳೆ ಕಾಯುವವನ ನಾಡಕೋವಿಯಿಂದ ಚರೆ ತಿಂದು ಕುಂಟಾದುವು, ಮರದ ಮೇಲೆ ಕೂತವನ ಕೈ ನಡುಗಿ ದವಡೆ ಮುರಿದುಕೊಂಡುವು. ಕೋವಿಯನ್ನು ಆರಿಸುವುದೂ ಕಾಪಾಡುವುದೂ ಅವರಿಗೆ ಶೋಕಿಯ ಮಾತಾಗಿರಲಿಲ್ಲವೆಂಬುದು ಇದರಿಂದ ನನಗೆ ತಿಳಿಯಿತು.

ಅವರ ಕೋವಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದು ವಿಂಚೆಸ್ಟರ್ ಕಂಪನಿಯ 1895ನೆಯ ಮಾದರಿಯ ರೈಫಲ್, .405 ಬೋರಿನದು. ಅಮೆರಿಕದ ಜಾನ್ ಬ್ರೌನಿಂಗ್ ಎಂಬ ಜಾಣ ಅದನ್ನು ರಚಿಸಿದನು; .405 ತೋಟೆ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಸಿಂಹದ ಬೇಟೆಗೆ ಹೋದಾಗ ಒಯ್ದದ್ದೂ ಇದೇ ಜಾತಿಯದು. ಹಿಂದಿನ ಲಿವರ್ ಬಂದೂಕುಗಳಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದವು. ಚೂಪಾದ ಗುಂಡಾದರೆ ಮುಂದಿನ ತೋಟೆಯ ಕೇಪಿಗೆ ಕುಟ್ಟಿ ಸಿಡಿಯುವ ಭಯ. ಬ್ರೌನಿಂಗ್ ಕುದುರೆಯ ಮುಂದೆ ಒಂದು ಪೆಟ್ಟಿಗೆ ಮಾಡಿ ನಾಲ್ಕು ತೋಟೆಗಳನ್ನು ಒಂದರ ಮೇಲೊಂದು ಇರಿಸಿದನು. ಕೈಯಡಿಯ ಲಿವರನ್ನು ಕೆಳಗೆ ತಳ್ಳಿ ಮೇಲೆಳೆದರೆ ಖಾಲಿ ಕೊಟ್ಟೆ ಹೊರಕ್ಕೆ, ಹೊಸ ತೋಟೆ ಒಳಕ್ಕೆ. ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಮ್. ನೂರಾರು ಗಜ ದೂರಕ್ಕೆ ಅದು ಹೇಳಿಸಿದ್ದಲ್ಲ. ದಪ್ಪ ಗುಂಡು ಬೇಗ ಬಾಗಿಬಿಡುತ್ತದೆ. ಆದರೆ ಪೊದೆಗಳ ನಡುವೆ, ಮೂವತ್ತು ನಲವತ್ತು ಗಜದಲ್ಲಿ ಹುಲಿ ಎದುರಾಗುವ ಕಾಡಿಗೆ ಅದು ಸರಿಯಾದ ಆಯ್ಕೆ. ಉತ್ತರದ ಜಿಮ್ ಕಾರ್ಬೆಟ್ಟರು ಗುಡ್ಡಗಳಲ್ಲಿ ನಡೆಯುವವರಾದ್ದರಿಂದ ಹಗುರವಾದ .275 ರಿಗ್ಬಿಯನ್ನು ಹಿಡಿದರು. ಆಯಾ ಕಾಡಿಗೆ ಆಯಾ ಕೋವಿ.

ಕೋವಿಯ ಜೊತೆಗೆ ಇನ್ನುಳಿದ ಸಾಮಾನು. ನಳಿಗೆಗೆ ಬಿಗಿದ ಬ್ಯಾಟರಿ ದೀಪ, ಬಿಡಿ ಬ್ಯಾಟರಿ ಇನ್ನೊಂದು, ಚಹಾದ ಫ್ಲಾಸ್ಕು, ಬಿಸ್ಕತ್ತು, ಕಂಬಳಿ. ರಾತ್ರಿ ಮಚಾನಿನಲ್ಲಿ ಕೂತವನ ಪ್ರಾಣ ಆ ದೀಪದ ಗುಂಡಿಯಲ್ಲಿರುತ್ತದೆ. ಸೆಲ್ಲು ಸೋತಿದ್ದರೆ ಎಂತಹ ರೈಫಲಾದರೂ ಬರಿಯ ದೊಣ್ಣೆ. ಮನೆಗೆ ಬಂದ ಕೂಡಲೇ ಸೆಲ್ಲುಗಳನ್ನು ಬಿಚ್ಚಿಡಬೇಕು, ಇಲ್ಲದಿದ್ದರೆ ಅವು ಒಸರಿ ಹಿತ್ತಾಳೆಯನ್ನು ತಿನ್ನುತ್ತವೆ. ಈ ಮಾತು ಅಜ್ಜನಿಗೂ ಗೊತ್ತಿತ್ತು. ಆಂಡರ್ಸನ್ನರ ಹೆಸರನ್ನೇ ಕೇಳದಿದ್ದ, ಸಹಿಗೆ ಹೆಬ್ಬೆಟ್ಟೊತ್ತುತ್ತಿದ್ದ ನಮ್ಮಜ್ಜನಿಗೆ!

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಬೇಸಗೆಯ ರಜಕ್ಕೆ ಹಳ್ಳಿಗೆ ಹೋಗಿದ್ದೆ. ಕಾಡುಹಂದಿಗಳನ್ನು ಬೆದರಿಸಲು ಅಜ್ಜ ಆಕಾಶಕ್ಕೆ ಈಡು ಹಾರಿಸಿ ಬಂದು, ಕೋವಿಯನ್ನು ಒರೆಸಿ, ಬಾಯಿಗೆ ಬಟ್ಟೆಯ ಬಿರಡೆ ಹಾಕಿ ಮೂಲೆಗಿಟ್ಟಿದ್ದರು. ಆಟಕ್ಕೆಂದು ನಾನು ಆ ಬಿರಡೆ ತೆಗೆದೆ, ಮತ್ತೆ ಹಾಕಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಎಷ್ಟೋ ದಿನದ ಮೇಲೆ ಅಜ್ಜ ಕೋವಿ ತೆಗೆದುಕೊಂಡರು. ತೋಟೆ ತುಂಬುವ ಮುಂಚೆ ಮುರಿದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು ಅವರ ಅಭ್ಯಾಸ. ಅಂದು ಬೆಳಕು ಕಾಣಿಸಲಿಲ್ಲ. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿ ಗಟ್ಟಿಮಾಡಿತ್ತು. ಹಾಗೆಯೇ ಹಾರಿಸಿದ್ದರೆ ಹೊಗೆಗೂ ಚರೆಗೂ ಹೋಗಲು ದಾರಿಯಿಲ್ಲದೆ ನಳಿಗೆ ಅವರ ಎಡಗೈಯ ಬಳಿಯಲ್ಲೇ ಸೀಳುತ್ತಿತ್ತು. ಅಜ್ಜ ನನ್ನನ್ನು ಹೊಡೆಯಲಿಲ್ಲ. ಗಜವನ್ನು ನನ್ನ ಕೈಗೆ ಕೊಟ್ಟು, ಆ ಮಣ್ಣನ್ನೆಲ್ಲ ನನ್ನಿಂದಲೇ ತೆಗೆಸಿ, ಹಳೆಯ ಪಂಚೆಯ ಚೂರಿನಿಂದ ಕನ್ನಡಿಯಂತಾಗುವವರೆಗೆ ಉಜ್ಜಿಸಿದರು. ಸಂಜೆಯವರೆಗೂ ಮಾತಾಡಲಿಲ್ಲ.

ಅಂದು ಅವರು ಕಲಿಸಿದ್ದು ನನಗೆ ಇಂದಿಗೂ ನೆನಪಿದೆ. ಪುಸ್ತಕಗಳಲ್ಲಿ ನೋಡಿದಾಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕರಿಮದ್ದು ಹಾರಿಸಿದ ನಳಿಗೆಗೆ ಬರಿಯ ಎಣ್ಣೆ ಸಾಲದು, ಬಿಸಿನೀರೇ ಬೇಕು. ಅದರ ಮಸಿ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿ ರಾತ್ರಿ ಬೆಳಗಾಗುವುದರೊಳಗೆ ಕಬ್ಬಿಣವನ್ನು ತಿನ್ನುತ್ತದೆ. ಒಣಗಿಸಿದ ಮೇಲೆ ಹೊಲಿಗೆ ಯಂತ್ರದ ತೆಳು ಎಣ್ಣೆ, ಅದೂ ಬಟ್ಟೆಗೆ ಸವರಿದಷ್ಟು. ಕೊಬ್ಬರಿ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ಹಾರಿಸುವ ಮೊದಲು ಆ ಎಣ್ಣೆಯನ್ನೂ ಒರೆಸಿಬಿಡಬೇಕು. ಚರ್ಮದ ಚೀಲ ನೋಡಲು ಚೆಂದ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದರೊಳಗಿಟ್ಟ ಕೋವಿ ಆಷಾಢಕ್ಕೆ ಹೋಗಿ ಶ್ರಾವಣಕ್ಕೆ ಕೆಂಪಾಗಿ ಬರುತ್ತದೆ. ತೋಟೆಗಳನ್ನು ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಏರುತ್ತದೆ. ಕಾಗದದ ತೋಟೆಯಾದರೆ ಥಂಡಿಗೆ ಊದಿಕೊಂಡು ನಳಿಗೆಗೆ ಇಳಿಯುವುದೇ ಇಲ್ಲ. ಅಜ್ಜ ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹುರಿದ ಅಕ್ಕಿಯ ಗಂಟಿನೊಡನೆ ಇಡುತ್ತಿದ್ದರು. ಡಬ್ಬಿ ಅಡಿಗೆಮನೆಯ ಅಟ್ಟದಲ್ಲಿ, ಕೋವಿ ಮಲಗುವ ಕೋಣೆಯ ಬೀಗದೊಳಗೆ. ಎರಡನ್ನೂ ಒಂದೆಡೆ ಇಟ್ಟದ್ದನ್ನು ನಾನು ಕಂಡಿಲ್ಲ.

ಆಂಡರ್ಸನ್ನರ ಬಾಳಿನ ಉತ್ತರಾರ್ಧವನ್ನು ಬೇಗನೆ ಹೇಳಿಬಿಡಬಹುದು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, 1954ರಲ್ಲಿ, ಅವರ ಮೊದಲನೆಯ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಆ ಬಳಿಕ ಕೆಲವು ವರ್ಷಗಳಿಗೊಂದರಂತೆ ಬರುತ್ತಲೇ ಹೋದವು. ವಯಸ್ಸಾದಂತೆ ಅವರ ಕೈ ಕೋವಿಯಿಂದ ಕ್ಯಾಮರಾದ ಕಡೆಗೆ ಹೊರಳಿತು. ಕಾಡು ಕರಗುತ್ತಿರುವುದನ್ನೂ, ಜೀಪಿನಲ್ಲಿ ಕೂತು ದೀಪ ಬಿಟ್ಟು ಜಿಂಕೆ ಹೊಡೆಯುವವರು ಹೆಚ್ಚುತ್ತಿರುವುದನ್ನೂ ಕಂಡು ನೊಂದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1973ರಲ್ಲಿ ಹುಲಿ ಯೋಜನೆ. 1974ರಲ್ಲಿ ನಮ್ಮ ಶೆಟ್ಟಿಹಳ್ಳಿಯ ಕಾಡು ಅಭಯಾರಣ್ಯವಾಯಿತು. ಅದೇ ವರ್ಷ ಆಗಸ್ಟ್ 30ರಂದು ಆಂಡರ್ಸನ್ನರು ಕ್ಯಾನ್ಸರಿನಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ಕೊನೆಯ ಪುಸ್ತಕವೊಂದು 1976ರಲ್ಲಿ, ಅವರಿಲ್ಲದೆ ಹೊರಬಂದಿತು. ಬೇಟೆಯ ಕಾಲವೂ ಬೇಟೆಗಾರನೂ ಹೆಚ್ಚುಕಡಿಮೆ ಒಟ್ಟಿಗೇ ಹೋದರು. ಅವರನ್ನು ದೇವರಂತೆ ಕಾಣುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ನರಭಕ್ಷಕವಲ್ಲದ ಪ್ರಾಣಿಗಳನ್ನೂ ಅವರು ಎಳೆಯ ವಯಸ್ಸಿನಲ್ಲಿ ಹೊಡೆದವರೇ. ಆದರೆ ಗಾಯಗೊಂಡ ಪ್ರಾಣಿಯನ್ನು ಪೊದೆಯಲ್ಲಿ ಬಿಟ್ಟು ಮನೆಗೆ ಹೋಗಿ ಉಂಡು ಮಲಗಿದವರಲ್ಲ.

ಇಷ್ಟು ಓದಿ ಮುಗಿಸಿ ನಾನು ಹಳ್ಳಿಗೆ ಹೋದೆ. ಕೋವಿ ಒಪ್ಪಿಸುವ ದಿನ ಬಂದಿತ್ತು. ಅಜ್ಜ ಹೋದಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಕುದುರೆಯ ಬಳಿ ಕೆಂಪು ಚುಕ್ಕೆಗಳೆದ್ದಿದ್ದವು. ಅಂಗಳದಲ್ಲಿ ಚಾಪೆ ಹಾಸಿ ಚಿಕ್ಕಪ್ಪನೂ ನಾನೂ ಕೂತೆವು. ಅವರಿಗೆ ಗಜ ಹಿಡಿಯುವುದೇ ಗೊತ್ತಿರಲಿಲ್ಲ. ಅಜ್ಜ ಇರುವಾಗ ಬೇಕಾಗಿರಲಿಲ್ಲವೆಂದರು. ಹಂದಿಯೂ ಆನೆಯೂ ಗದ್ದೆಗೆ ಇಳಿಯುವುದು ಸುಳ್ಳಲ್ಲ, ಕೋವಿ ಬೇಕೆನ್ನುವುದೂ ಸುಳ್ಳಲ್ಲ. ಆದರೆ ತುಕ್ಕು ಹಿಡಿದ ಕೋವಿಯಿಂದ ಅರೆಬರೆ ಈಡು ತಿಂದ ಹಂದಿ ಮಾರನೆಯ ಬೆಳಿಗ್ಗೆ ಯಾರ ಮೇಲೆ ಬೀಳುತ್ತದೆಯೆಂದು ಯಾರು ಹೇಳಬಲ್ಲರು? ಜವಳಗಿರಿಯ ಕಥೆಯನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ಸುಮ್ಮನೆ ಕೇಳಿದರು. ಆಮೇಲೆ ಬಟ್ಟೆಯ ಚೂರನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಉಜ್ಜತೊಡಗಿದರು.

ಠಾಣೆಯಲ್ಲಿ ನಂಬರು ಬರೆದುಕೊಂಡು ರಸೀತಿ ಕೊಟ್ಟರು. ಅರ್ಜಿಯ ನಮೂನೆ ನನ್ನ ಪೆಟ್ಟಿಗೆಯಲ್ಲಿದೆ. ಹೆಸರು, ವಯಸ್ಸು, ಜಮೀನಿನ ಸರ್ವೆ ನಂಬರು ಎಲ್ಲ ತುಂಬಿದ್ದೇನೆ. ಚಿಕ್ಕಪ್ಪನ ಸಹಿಯೊಂದು ಬಾಕಿ. ದೀಪಾವಳಿಗೆ ಜನ್ನಾಪುರಕ್ಕೆ ಬರುತ್ತೇನೆಂದಿದ್ದಾರೆ. ಬರುವಾಗ ಅಜ್ಜನ ಗಜವನ್ನೂ ಎಣ್ಣೆಯ ಶೀಶೆಯನ್ನೂ ತರಬೇಕೆಂದು ಹೇಳಿಕಳುಹಿಸಿದ್ದೇನೆ.