ಕತ್ತಲಲ್ಲಿ ಕೂತ ಬಾಸ್

ಗುರುದತ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ‘ಪ್ಯಾಸಾ’. ದುಃಖದ ಕವಿ, ಕುಡಿತ, 39ನೇ ವಯಸ್ಸಿಗೆ ಸಾವು. ಯೂಟ್ಯೂಬಲ್ಲಿ ಹುಡುಕಿದ್ರೂ ಅದೇ ಕಥೆ, ಹಿಂದೆ ಒಂದು ಪಿಯಾನೋ ಮ್ಯೂಸಿಕ್. ನಾನೂ ಅಷ್ಟೇ ಅಂದ್ಕೊಂಡಿದ್ದೆ. ಇಂಟರ್ನಲ್ಸ್ ಮುಗಿದ ರಾತ್ರಿ ರೂಮ್‌ಮೇಟ್ ಲ್ಯಾಪ್‌ಟಾಪಲ್ಲಿ ‘ಬಾಜಿ’ ನೋಡಿದೆ. 1951ರ ಸಿನಿಮಾ. ಜೂಜಾಡೋ ಹುಡುಗ, ಕಾಯಿಲೆಯ ತಂಗಿ, ಒಂದು ಕ್ಲಬ್ಬು, ಮುಖವೇ ಕಾಣದ ಒಬ್ಬ ಬಾಸ್. ಇದನ್ನ ಮಾಡಿದ್ದು ಅದೇ ಅಳಿಸೋ ಗುರುದತ್ತಾ ಅಂತ ಆಶ್ಚರ್ಯ ಆಯ್ತು. ಅವರ ಮೊದಲ ಸಿನಿಮಾನೇ ಇದು, ಮತ್ತು ಇದು ಥ್ರಿಲ್ಲರ್!

ಅವರು ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ, 1925ರ ಜುಲೈ 9ರಂದು. ಪಡುಕೋಣೆ ಮನೆತನ, ಮನೆಮಾತು ಕೊಂಕಣಿ. ಮೊದಲು ಇಟ್ಟ ಹೆಸರು ವಸಂತ ಕುಮಾರ್. ಚಿಕ್ಕವರಿದ್ದಾಗ ಏನೋ ಅಪಘಾತ ಆಯ್ತು ಅಂತ ಮನೆಯವರು ಹೆಸರು ಬದಲಿಸಿ ಗುರುದತ್ತ ಅಂತ ಇಟ್ಟರು. ತಾಯಿ ವಾಸಂತಿ ಬಂಗಾಳಿ ಕಾದಂಬರಿಗಳನ್ನ ಕನ್ನಡಕ್ಕೆ ಅನುವಾದ ಮಾಡಿದವರು. ಬೆಳೆದಿದ್ದು ಕಲ್ಕತ್ತಾದಲ್ಲಿ, ಹಾಗಾಗಿ ‘ದತ್’ ಅನ್ನೋದು ನೋಡಿ ತುಂಬಾ ಜನ ಇವರನ್ನ ಬಂಗಾಳಿ ಅಂದ್ಕೊಳ್ತಾರೆ. ಸಂಜೆ ಅಜ್ಜಿ ದೀಪ ಹಚ್ಚಿದಾಗ ಈ ಹುಡುಗ ಬೆರಳುಗಳಿಂದ ಗೋಡೆ ಮೇಲೆ ನೆರಳಿನ ಆಟ ಆಡ್ತಿದ್ದ ಅಂತ ಮನೆಯವರು ಹೇಳಿದ್ದಾರೆ. ‘ಬಾಜಿ’ ನೋಡಿದ ಮೇಲೆ ಇದನ್ನ ಓದಿದರೆ ಮೈ ಜುಮ್ ಅನ್ನುತ್ತೆ.

ಮೆಟ್ರಿಕ್ ಆದ ಮೇಲೆ ಕಾಲೇಜಿಗೆ ಹೋಗಲಿಲ್ಲ, ಮನೆಯಲ್ಲಿ ದುಡ್ಡಿರಲಿಲ್ಲ. ಅಲ್ಮೋರಾದಲ್ಲಿ ಉದಯ ಶಂಕರ್ ಅವರ ಕೇಂದ್ರಕ್ಕೆ ಸೇರಿ ನೃತ್ಯ ಕಲಿತರು. ಆಮೇಲೆ ಕಲ್ಕತ್ತಾದ ಲೀವರ್ ಬ್ರದರ್ಸ್ ಫ್ಯಾಕ್ಟರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಅದು ಹೆಚ್ಚು ದಿನ ನಡೀಲಿಲ್ಲ. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕಾಂಟ್ರಾಕ್ಟ್ ಸಿಕ್ಕಿತು. ಅಲ್ಲೇ ಆ ಫೇಮಸ್ ಶರ್ಟಿನ ಕಥೆ. ದೋಬಿ ಬಟ್ಟೆ ಅದಲು ಬದಲು ಮಾಡಿಬಿಟ್ಟ, ತನ್ನ ಶರ್ಟನ್ನ ಇನ್ಯಾರೋ ಹಾಕ್ಕೊಂಡಿದ್ದನ್ನ ನೋಡಿದ ಇನ್ನೊಬ್ಬ ಹೊಸ ಹುಡುಗ ಮಾತಾಡಿಸಿದ. ಆ ಹುಡುಗ ದೇವ್ ಆನಂದ್. ಇಬ್ಬರೂ ಒಪ್ಪಂದ ಮಾಡ್ಕೊಂಡರು: ನಾನು ನಿರ್ಮಾಪಕ ಆದ್ರೆ ನೀನು ಡೈರೆಕ್ಟರ್, ನೀನು ಡೈರೆಕ್ಟರ್ ಆದ್ರೆ ನಾನು ಹೀರೋ. ಹಾಸ್ಟೆಲ್ಲಲ್ಲಿ ನಾವೂ ಇಂಥಾ ಸ್ಟಾರ್ಟಪ್ ಒಪ್ಪಂದ ವಾರಕ್ಕೊಂದು ಮಾಡ್ತೀವಿ. ವ್ಯತ್ಯಾಸ ಏನಂದ್ರೆ ಅವರು ಉಳಿಸ್ಕೊಂಡರು.

ಆದರೆ ಅದಕ್ಕೆ ಮುಂಚೆ ಹತ್ತಿರ ಹತ್ತಿರ ಒಂದು ವರ್ಷ ಕೆಲಸವೇ ಇರಲಿಲ್ಲ. ಬಾಂಬೆಯ ಮಾಟುಂಗಾದಲ್ಲಿ ತಾಯಿ ಜೊತೆ ಇದ್ದು ಕಥೆ ಬರೀತಿದ್ದರು. ‘ಪ್ಯಾಸಾ’ದ ಬೀಜ ಬಿದ್ದಿದ್ದು ಆಗಲೇ. ನಂತರ ಗ್ಯಾನ್ ಮುಖರ್ಜಿ ಅವರ ಕೈಕೆಳಗೆ ‘ಸಂಗ್ರಾಮ್’ಗೆ ಅಸಿಸ್ಟೆಂಟ್ ಆಗಿ ದುಡಿದರು. ಅಷ್ಟರಲ್ಲಿ ದೇವ್ ಆನಂದ್ ಸ್ವಂತ ಬ್ಯಾನರ್ ಮಾಡಿದ್ದರು, ಮಾತಿನಂತೆ ‘ಬಾಜಿ’ ಕೊಟ್ಟರು.

‘ಬಾಜಿ’ ಬರೆದಿದ್ದು ಬಲರಾಜ್ ಸಾಹ್ನಿ. ಅವರೇ ಬಸ್ಸಲ್ಲಿ ಪ್ರಯಾಣಿಕರನ್ನ ನಗಿಸ್ತಿದ್ದ ಒಬ್ಬ ಕಂಡಕ್ಟರನ್ನ ನೋಡಿ ಗುರುದತ್ ಹತ್ರ ಕಳಿಸಿದರು. ಆ ಮನುಷ್ಯ ಕುಡುಕನ ಹಾಗೆ ನಟಿಸ್ತಾ ಆಫೀಸಿಗೇ ನುಗ್ಗಿದ. ಬದ್ರುದ್ದೀನ್ ಕಾಜಿ ಅನ್ನೋ ಆ ಕಂಡಕ್ಟರಿಗೆ ಒಂದು ವಿಸ್ಕಿ ಹೆಸರು ಬಂತು, ಜಾನಿ ವಾಕರ್. ನಮ್ಮ ಪ್ಲೇಸ್‌ಮೆಂಟ್ ಇಂಟರ್ವ್ಯೂ ಹೀಗಿದ್ದಿದ್ರೆ!

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಬ್ಬರ ಕಥೆ. ‘ಬಾಜಿ’ಯ ಕ್ಯಾಮೆರಾಮನ್ ವಿ. ರಾತ್ರಾ. ಅವರ ಅಸಿಸ್ಟೆಂಟ್ ವಿ.ಕೆ. ಮೂರ್ತಿ, ಮೈಸೂರಿನವರು, ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೊಗ್ರಫಿ ಡಿಪ್ಲೊಮಾ ಮಾಡಿದ್ದರು. ಹೌದು, ಡಿಪ್ಲೊಮಾ! ಕ್ಲಬ್ಬಿನ ಹಾಡಲ್ಲಿ ಕನ್ನಡಿ ಇಟ್ಟು ಒಂದು ಕಷ್ಟದ ಶಾಟ್ ತೆಗೀಬೇಕಿತ್ತು. ನಾನು ಮಾಡ್ತೀನಿ ಅಂತ ಮೂರ್ತಿ ಮುಂದೆ ಬಂದರು, ಮಾಡಿಯೂ ತೋರಿಸಿದರು. ಮುಂದಿನ ಚಿತ್ರ ‘ಜಾಲ್’ಗೆ (1952) ಅವರೇ ಕ್ಯಾಮೆರಾಮನ್. ಅಲ್ಲಿಂದ ಈ ಇಬ್ಬರೂ ಬಿಡಲಿಲ್ಲ. ಮೂರ್ತಿಯವರಿಗೆ ಮುಂದೆ ಫಾಲ್ಕೆ ಪ್ರಶಸ್ತಿ ಬಂತು, ಛಾಯಾಗ್ರಾಹಕರಲ್ಲಿ ಮೊದಲಿಗರು.

ಲೋ-ಕೀ ಲೈಟಿಂಗ್ ಅಂದ್ರೆ ಮುಖ್ಯ ಲೈಟ್ ಒಂದೇ ಕಡೆಯಿಂದ ಬಿಟ್ಟು, ನೆರಳು ತುಂಬೋ ಫಿಲ್ ಲೈಟ್ ಕಮ್ಮಿ ಮಾಡೋದು. ಫ್ರೇಮಿನ ಮುಕ್ಕಾಲು ಭಾಗ ಕಪ್ಪು. ಆಗ ನಟರು ಜೋರಾಗಿ ಏನೂ ಮಾಡ್ಬೇಕಾಗಿಲ್ಲ, ಕಣ್ಣು ಅಲುಗಿದ್ರೆ ಸಾಕು. ಗುರುದತ್ ದೊಡ್ಡ ಲೆನ್ಸ್ ಹಾಕಿ ಮುಖಕ್ಕೆ ತೀರಾ ಹತ್ರ ಹೋಗ್ತಾರೆ. ಎಂಥಾ ಕ್ಲೋಸ್‌ಅಪ್ ಅಂದ್ರೆ ಅದಕ್ಕೆ ಇಂಡಸ್ಟ್ರಿಯಲ್ಲಿ ಅವರ ಹೆಸರೇ ಬಂತು. ಹಾಡುಗಳೂ ಕಥೆ ನಿಲ್ಲಿಸಲ್ಲ. ಗೀತಾ ಬಾಲಿ ಕ್ಲಬ್ಬಲ್ಲಿ ಹಾಡ್ತಾ ದೇವ್ ಆನಂದ್‌ಗೆ ಎಚ್ಚರಿಕೆ ಕೊಡ್ತಾಳೆ, ಅವಳ ಮುಖ ನೋಡಿದ್ರೆ ನಮಗೂ ಗೊತ್ತಾಗುತ್ತೆ. ಬಾಸ್ ಯಾರು ಅಂತ ಹೇಳಲ್ಲ, ನೀವೇ ನೋಡಿ. ಸತ್ಯ ಹೇಳ್ಬೇಕಂದ್ರೆ ಅರ್ಧದಲ್ಲೇ ಊಹಿಸಬಹುದು, ಆದರೂ ಟೆನ್ಷನ್ ಇಳಿಯಲ್ಲ.

1953ರಲ್ಲಿ ‘ಬಾಜಿ’ಗೆ ಹಾಡಿದ್ದ ಗೀತಾ ರಾಯ್ ಜೊತೆ ಮದುವೆ. ‘ಆರ್ ಪಾರ್’ (1954) ಟ್ಯಾಕ್ಸಿ ಡ್ರೈವರ್ ಕಥೆ, ತಾವೇ ಹೀರೋ. 1956ರಲ್ಲಿ ‘ಸಿ.ಐ.ಡಿ.’ಯನ್ನ ತಮ್ಮ ಅಸಿಸ್ಟೆಂಟ್ ಆಗಿದ್ದ ರಾಜ್ ಖೋಸ್ಲಾಗೆ ಕೊಟ್ಟು ತಾವು ನಿರ್ಮಾಪಕರಾಗಿ ಪಕ್ಕಕ್ಕೆ ನಿಂತರು. ಪತ್ರಿಕಾ ಸಂಪಾದಕನ ಕೊಲೆ, ಅದನ್ನ ಹಿಡಿಯೋ ಇನ್ಸ್‌ಪೆಕ್ಟರ್, ಸಾಕ್ಷಿಗೆ ಒಬ್ಬ ಜೇಬುಗಳ್ಳ. ವಹೀದಾ ರೆಹಮಾನ್‌ಗೆ ಮೊದಲ ಹಿಂದಿ ಸಿನಿಮಾ. ಚಿತ್ರ ಚೆನ್ನಾಗಿ ಓಡ್ತು.

‘ಪ್ಯಾಸಾ’ (1957) ಬಗ್ಗೆ ನಾನು ಬರೆಯೋದೇನಿದೆ, ಎಲ್ಲರೂ ಬರೆದಿದ್ದಾರೆ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಮೂರ್ತಿ ಹೊರಗಿನ ಬಿಸಿಲನ್ನ ಎರಡು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋ ಒಳಗೆ ತಿರುಗಿಸಿದರು. ಮತ್ತೆ ಕನ್ನಡಿಯೇ ನೋಡಿ! ಸಿನಿಮಾ ಮಾತ್ರ ನೆಲಕಚ್ಚಿತು. ಆಮೇಲೆ ನಿರ್ಮಾಣ ಮಾಡಿದರು, ನಟಿಸಿದರು, ‘ಸಾಹಿಬ್ ಬೀಬಿ ಔರ್ ಗುಲಾಮ್’ ಥರದ ಚಿತ್ರ ಕೊಟ್ಟರು. ಆದರೆ ನಿರ್ದೇಶಕ ಅಂತ ತಮ್ಮ ಹೆಸರನ್ನ ಇನ್ನೊಂದು ಸಿನಿಮಾಗೆ ಹಾಕಲಿಲ್ಲ. ಆಗ ವಯಸ್ಸು 34. ಒಂದು ಸಬ್ಜೆಕ್ಟಲ್ಲಿ ಬ್ಯಾಕ್ ಬಂದ್ರೆ ನಾವು ಸಪ್ಲಿಮೆಂಟರಿ ಕಟ್ತೀವಿ, ಇವರು ಕಟ್ಟಲೇ ಇಲ್ಲ. ನನಗೆ ಇದು ಸಾವಿಗಿಂತ ಜಾಸ್ತಿ ಬೇಜಾರು ಮಾಡಿದ ವಿಷಯ. ಇನ್ನೊಂದು ‘ಬಾಜಿ’ ಥರದ್ದು, ಸಣ್ಣ ಬಜೆಟ್ಟಿನ ಒಂದು ಥ್ರಿಲ್ಲರ್ ಮಾಡಿದ್ದಿದ್ರೆ ಅಂತ ಅನ್ನಿಸ್ತಾನೇ ಇರುತ್ತೆ.

1964ರ ಅಕ್ಟೋಬರ್ 10ರ ಬೆಳಗ್ಗೆ ಬಾಂಬೆಯ ಪೆಡರ್ ರೋಡ್ ಮನೆಯಲ್ಲಿ ಗುರುದತ್ ಏಳಲಿಲ್ಲ. ಮದ್ಯ ಮತ್ತು ನಿದ್ದೆ ಮಾತ್ರೆ ಕಾರಣ. ಬೇಕಂತಲೇನಾ, ಆಕಸ್ಮಿಕವಾ ಅಂತ ಜನ ಇವತ್ತಿಗೂ ವಾದ ಮಾಡ್ತಾರೆ. ನಾನು ಅದಕ್ಕೆ ಹೋಗಲ್ಲ.

ಶನಿವಾರ ಸೆಮಿನಾರ್ ಹಾಲಲ್ಲಿ ‘ಸಿ.ಐ.ಡಿ.’ ಹಾಕೋಣ ಅಂತ ಕ್ಲಬ್‌ನವರನ್ನ ಕೇಳಿದ್ದೀನಿ. ಎಡಗಡೆ ಕಿಟಕಿಯ ಕರ್ಟನ್ ಹರಿದಿದೆ, ಯಾರಾದ್ರೂ ಹೊಲಿಸ್ರಪ್ಪಾ. ಬೆಳಕು ಒಳಗೆ ಬಂದ್ರೆ ಆ ಕಪ್ಪು ಕಾಣಲ್ಲ.